ಸೂಜಿಯ ಇನ್ನೊಂದು ತುಂಡು

"ಇನ್ನೊಂದು ತುಂಡು ಎಲ್ಲೇ, ಮುಂಡೇದೆ? ನುಂಗಿ ನೀರು ಕುಡಿದ್ಯಾ?"

ಮೇಸ್ತ್ರಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಮುರಿದ ಸೂಜಿಯ ಎರಡೂ ತುಂಡು ಒಪ್ಪಿಸಿದವರಿಗೇ ಹೊಸ ಸೂಜಿ. ಉಡುಪಿನೊಳಗೆ ಚೂರು ಉಳಿಯಬಾರದೆಂದು ಆ ಹೊಲಿಗೆ ಕಾರ್ಖಾನೆ ಮಾಡಿದ್ದ ಕಟ್ಟಳೆ ಅದು. ಒಂದೇ ಮನೆಯ ಸೊಸೆಯರಿಬ್ಬರು ಅಲ್ಲಿ ದುಡಿಯುತ್ತಿದ್ದರು; ಅವರಲ್ಲಿ ದೊಡ್ಡವಳ ಅಂಗೈಯಲ್ಲಿ ಬುಡದ ತುಂಡೊಂದೇ ಇತ್ತು.

"ಹುಡುಕ್ತೀನಿ, ಅಣ್ಣಾ."

"ಹುಡುಕು. ಡಬ್ಬೀಲಿರೋದು ಒಂದೇ ಸೂಜಿ. ಹೊರದೇಶದ ಮಾಲು, ಡಾಲರ್ ಇಲ್ಲ ಅಂತ ಬ್ಯಾಂಕಿನೋರು ಕೈ ಎತ್ತಿದಾರೆ. ಸಂಜೆಯೊಳಗೆ ತುಂಡು ಸಿಗ್ಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ."

ನಲವತ್ತು ಮಿಶಿನ್ನುಗಳಲ್ಲಿ ಓಡುತ್ತಿದ್ದದ್ದು ಒಂಬತ್ತು. ಮಿಕ್ಕವುಗಳ ಬೆಲ್ಟು, ತಿರುಪು ಕಿತ್ತು ಈ ಒಂಬತ್ತಕ್ಕೆ ಹಾಕಿ, ಅವುಗಳಲ್ಲಿ ಹೊಲಿಯುತ್ತಿದ್ದ ಹೆಂಗಸರನ್ನು ಮನೆಗೆ ಅಟ್ಟಿದ್ದರು. ದೊಡ್ಡವಳು ಮೊಣಕಾಲೂರಿ ನೆಲ ತಡಕುತ್ತಾ ತನ್ನ ವಾರಗಿತ್ತಿಯ ಕಾಲಬುಡಕ್ಕೆ ಬಂದಳು. ಚಿಕ್ಕವಳ ಮಿಶಿನ್ನು ಗಡಗಡ ಓಡುತ್ತಿತ್ತು. ಕಳೆದ ವಾರ ಹೊಸ ಸೂಜಿ ಅವಳಿಗೆ, ಕಲ್ಲಿಗೆ ಉಜ್ಜಿದ ಹಳೆಯದು ದೊಡ್ಡವಳಿಗೆ. ಮನೆಯಲ್ಲಿ ಅತ್ತೆ ಬಡಿಸುವ ಮೊದಲ ತಟ್ಟೆಯೂ ಅವಳಿಗೇ. ದೊಡ್ಡವಳ ಹೊಟ್ಟೆ ಧಗಧಗ ಉರಿಯಿತು.

"ಅಕ್ಕಾ, ಕೈ ತುಳಿದೇನು, ಆಚೆ ಸರಿ," ಎಂದಳು ಚಿಕ್ಕವಳು, ತಲೆ ಎತ್ತದೆ.

ಪೆಡಲಿನ ಸಂದಿಯಲ್ಲಿ ಮೊನೆಯ ತುಂಡು ಹೊಳೆಯಿತು. ಎತ್ತಿಕೊಂಡಳು. ಇದನ್ನು ಇವಳು ಹೊಲಿಯುತ್ತಿರುವ ಬಟ್ಟೆಯ ಮಡಿಕೆಗೆ ತೂರಿಸಿದರೆ ಇವಳ ಸೂಜಿಯೂ ಲಟಕ್. ಕೂತು ಅಳಲಿ. ಕೈ ಬಟ್ಟೆಯವರೆಗೂ ಹೋಯಿತು.

"ಏ, ಖಾಲಿ ಕೂತೋಳೇ! ಬಾ, ಪೆಟ್ಟಿಗೆ ಹಿಡಿ," ಮೇಸ್ತ್ರಿ ಬಾಗಿಲಿಂದ ಕೂಗಿದ. ದೊಡ್ಡವಳು ತುಂಡನ್ನು ಸೆರಗಿನ ತುದಿಗೆ ಸಿಕ್ಕಿಸಿಕೊಂಡು ಎದ್ದಳು.

ಪೆಟ್ಟಿಗೆಯಲ್ಲಿದ್ದದ್ದು ಧಣಿಯ ಹೊಸ ಕುರ್ಚಿ. ಹಡಗಿನಲ್ಲಿ ಬಂದದ್ದು, ಮೆತ್ತನೆಯ ಚರ್ಮ, ಅಡಿಯಲ್ಲಿ ಐದು ಚಕ್ರ. ಧಣಿಯ ಕೋಣೆಯಲ್ಲಿ ಬಿಚ್ಚಿಟ್ಟ ಮೇಲೆ ದೊಡ್ಡವಳ ಬಾಯಿ ತಡೆಯಲಿಲ್ಲ.

"ಇದಕ್ಕೆ ಡಾಲರ್ ಎಲ್ಲಿ ಸಿಕ್ತು, ಸಾಹೇಬ್ರೆ?"

"ನನ್ನ ಸೊಂಟದ ನೋವು ನಿನಗೇನೇ ಗೊತ್ತು? ಧೂಳು ಒರೆಸಿ ತೊಲಗು," ಎಂದು ಧಣಿ ಕೈ ತೊಳೆಯಲು ಹಳೆಯ ಕುರ್ಚಿಯಿಂದ ಎದ್ದು ಹೋದ.

ಹದಿನಾರು ವರ್ಷ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಅವಳ ಸೊಂಟ ಬಾಗಿತ್ತು. ಆ ಕುರ್ಚಿಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ವಾರಗಿತ್ತಿಯ ಮೇಲಿದ್ದದ್ದು ಏನೇನೂ ಅಲ್ಲ. ದೊಡ್ಡವಳು ಸೆರಗಿನಿಂದ ಕುರ್ಚಿಯನ್ನು ನಿಧಾನವಾಗಿ, ಅಚ್ಚುಕಟ್ಟಾಗಿ ಒರೆಸಿದಳು.

ಹೊರಗೆ ಮೇಸ್ತ್ರಿ ಡಬ್ಬಿ ಹಿಡಿದು ನಿಂತಿದ್ದ.

"ಸಿಕ್ತಾ?"

"ಸಿಕ್ತು."

"ಮತ್ತೆ ಕೊಡು."

"ಸಾಹೇಬ್ರು ಕೂತ್ಕೊಂಡ ಮೇಲೆ ಅವರನ್ನೇ ಕೇಳಿ."

ಚಿಕ್ಕವಳ ಮಿಶಿನ್ನು ನಿಂತಿತು. ಕೋಣೆಗೆ ಮರಳಿದ ಧಣಿ ಹೊಸ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.