ಸೊಂಟದೆತ್ತರದ ಕಂಬಗಳು

ಬಾವಿಯಲ್ಲಿ ನೀರಿತ್ತು, ಪಂಪಿಗೆ ಕರೆಂಟಿರಲಿಲ್ಲ. ಕರೆಂಟು ಬಂದಾಗ ಹೊಲದಲ್ಲಿ ಯಾರೂ ಇರುತ್ತಿರಲಿಲ್ಲ. ಸೊಪ್ಪು ಬೆಳೆಯುವವರಿಗೆ ಇದಕ್ಕಿಂತ ದೊಡ್ಡ ಹೊಟ್ಟೆಯುರಿ ಬೇರೆ ಇಲ್ಲ. ಕಣ್ಣೆದುರೇ ಎಲೆ ಜೋಲು ಬೀಳುತ್ತಿರುತ್ತದೆ, ಕೈಕಟ್ಟಿ ನೋಡುತ್ತ ಕೂರಬೇಕು.

ಹಾಗಾಗಿ, ಇದ್ದ ಒಂದೇ ತುಂಡು ಹೊಲದಲ್ಲಿ ಸೋಲಾರ್ ಹಾಕಿಸುತ್ತೇನೆ, ಮೇಲೆ ಕರೆಂಟು, ಕೆಳಗೆ ಬೆಳೆ ಎಂದು ಗಂಡ ಹೇಳಿದಾಗ ಸೊಪ್ಪಿನಕ್ಕನಿಗೆ ಸಂತೋಷವೇ ಆಯಿತು. ಊರಿಗೆಲ್ಲ ಅವಳು ಸೊಪ್ಪಿನಕ್ಕ. ಬಿತ್ತುವವಳು, ಕಳೆ ಕೀಳುವವಳು, ಕೊಯ್ದು ಕಟ್ಟು ಕಟ್ಟಿ ಪೇಟೆಯಲ್ಲಿ ಮಾರುವವಳು, ಎಲ್ಲ ಅವಳೇ. ಗಂಡ ಬದುವಿನ ಮೇಲೆ ನಿಂತು ಯಜಮಾನಿಕೆ ಮಾಡುತ್ತಿದ್ದ.

ಅವಳ ನಾದಿನಿಯ ಹೊಲದಲ್ಲಿ ಇಂಥದ್ದು ಆಗಲೇ ಇತ್ತು. ಅವಳು ಬಂದು ಅಣ್ಣನಿಗೆ ಬಿಡಿಸಿ ಹೇಳಿದಳು.

"ಕಂಬ ಎತ್ತರ ಹಾಕ್ಸಣ್ಣ. ಗುದ್ದಲಿ ಎತ್ತಿದ್ರೂ ತಾಗಬಾರ್ದು. ಸಾಲಿನ ಮಧ್ಯ ಧಾರಾಳ ಜಾಗ ಬಿಡ್ಸು, ನೆರಳು ಒಂದೇ ಕಡೆ ನಿಲ್ದೆ ಸರೀತಾ ಹೋಗ್ಬೇಕು. ಬೇಸಿಗೇಲಿ ಅಷ್ಟು ನೆರಳು ಸೊಪ್ಪಿಗೆ ಒಳ್ಳೇದೇ. ಮಳೆ ನೀರು ಸುರಿಯೋ ಕಡೆ ಕಾಲುವೆ ತೆಗಿ."

"ಎತ್ತರದ ಕಂಬಕ್ಕೆ ಖರ್ಚು ನಿಮ್ಮಪ್ಪ ಕೊಡ್ತಾನಾ?"

"ನಮ್ಮಪ್ಪ ನಿನಗೇನಾಗ್ಬೇಕು?" ಎಂದು ತಂಗಿ ನಕ್ಕಳು. "ಖರ್ಚು ಹೆಚ್ಚೇ, ಸುಳ್ಳು ಹೇಳಲ್ಲ. ಆದ್ರೆ ಹೊಲ ಹೊಲವಾಗೇ ಉಳಿಯುತ್ತೆ."

ಅಳತೆಗೆಂದು ಕೆಲಸದವರು ಬಂದ ದಿನ ಸೊಪ್ಪಿನಕ್ಕ ಪೇಟೆಗೆ ಹೋಗಿದ್ದಳು. ಎಷ್ಟೆತ್ತರ ಬೇಕೆಂದು ಅವರು ಕೇಳಿದರು. ಗಂಡ ಮಡಿಗೆ ಇಳಿದು ನಿಂತು ನೋಡಿದ. ಸೊಪ್ಪು ಅವನ ಮೊಣಕಾಲಿನವರೆಗೆ ಬರುತ್ತಿತ್ತು.

"ಸೊಂಟದೆತ್ತರ ಸಾಕು. ಸೊಪ್ಪೇನು ತೆಂಗಿನಮರವಾ? ಧೂಳು ಒರೆಸೋಕೂ ಕೈಗೆಟುಕುತ್ತೆ. ಒತ್ತೊತ್ತಾಗಿ ಹಾಕಿ, ಕರೆಂಟು ಜಾಸ್ತಿ ಬರ್ಲಿ."

ಬೆಳೆಯ ಎತ್ತರ ನೋಡಿದ ಮಹಾರಾಯನಿಗೆ ಅದನ್ನು ಬೆಳೆಯುವವಳ ಎತ್ತರ ನೆನಪಾಗಲಿಲ್ಲ. ಅವಳೂ ಬರಲಿ, ಒಂದು ಮಾತು ಕೇಳೋಣ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಕರೆಂಟು ಚೆನ್ನಾಗಿಯೇ ಬಂತು. ಪಂಪು ಹಾಡುಹಗಲೇ ಓಡಿತು. ಆದರೆ ಪ್ಯಾನೆಲ್‌ಗಳ ಕೆಳಗೆ ಮಧ್ಯಾಹ್ನವೂ ಮುಸ್ಸಂಜೆ. ಸೊಪ್ಪು ಬಿಸಿಲು ಹುಡುಕುತ್ತ ಕಡ್ಡಿಯಂತೆ ಉದ್ದವಾಗಿ, ಬಿಳಿಚಿಕೊಂಡು ಅಡ್ಡ ಬಿತ್ತು. ಮಳೆ ಬಂದಾಗ ಪ್ಯಾನೆಲ್ ಅಂಚಿನ ನೀರೆಲ್ಲ ಒಂದೇ ಗೆರೆಯಲ್ಲಿ ಸುರಿದು ಮಡಿಗಳನ್ನು ಕೊರೆಯಿತು. ಸೊಪ್ಪಿನಕ್ಕ ಮಂಡಿಯೂರಿ ಒಳಗೆ ನುಗ್ಗಿ ಕಳೆ ಕೀಳುತ್ತಿದ್ದಳು. ತಲೆಯೆತ್ತಿದರೆ ಕಬ್ಬಿಣದ ಅಂಚು. ಹಣೆಯ ಒಂದು ಗಾಯ ಮಾಯುವಷ್ಟರಲ್ಲಿ ಇನ್ನೊಂದು. ಪೇಟೆಯಲ್ಲಿ ವರ್ಷಗಟ್ಟಲೆ ಅವಳ ಹತ್ತಿರವೇ ಕೊಳ್ಳುತ್ತಿದ್ದವರು ಕಟ್ಟನ್ನು ಎತ್ತಿ ನೋಡಿ, ಅಲ್ಲೇ ಇಟ್ಟು ಹೋದರು. ಆಮೇಲೆ ಅವಳು ಪೇಟೆಗೆ ಹೋಗುವುದನ್ನೇ ಬಿಟ್ಟಳು.

"ಇನ್ನು ಕೈಲಾಗಲ್ಲ ಅಂತಾಳೆ. ಸೋಮಾರಿತನ ಅಷ್ಟೇ," ಎಂದು ಗಂಡ ತಂಗಿಯ ಮುಂದೆ ದೂರಿದ.

"ಹೌದಾ? ಹಾಗಾದ್ರೆ ನೀನೇ ಒಂದು ಸಾಲು ಕಳೆ ಕಿತ್ತು ಬಾ."

ಹೋದ. ಅರ್ಧ ಸಾಲಿಗೇ ತಲೆ ಜಜ್ಜಿಕೊಂಡು, ಸೊಂಟ ಹಿಡಿದುಕೊಂಡು, ತೆವಳುತ್ತ ಹೊರಗೆ ಬಂದ. ನೇರ ಹೋಗಿ ಕಂಬ ನೆಟ್ಟವರನ್ನು ಕರೆತಂದ.

"ಇದನ್ನ ಎತ್ತರಿಸೋಕಾಗುತ್ತಾ?"

"ಕಾಂಕ್ರೀಟಲ್ಲಿ ಕೂತಿದೆ ಯಜಮಾನ್ರೇ. ಕಿತ್ರೆ ಎಲ್ಲಾ ಮೊದಲಿಂದ ಮಾಡ್ಬೇಕು. ಅದು ನಿಮ್ಮ ಕೈಲಾಗೋ ಮಾತಲ್ಲ. ಇಪ್ಪತ್ತೈದು ವರ್ಷ ಅಲ್ಲಾಡಲ್ಲ, ನಿಶ್ಚಿಂತೆಯಾಗಿರಿ."

"ಅಷ್ಟೊತ್ತಿಗೆ ನನ್ನ ಬೆನ್ನೇ ಬಗ್ಗಿರುತ್ತೆ," ಎಂದಳು ಸೊಪ್ಪಿನಕ್ಕ. "ಆಗ ಸಲೀಸಾಗಿ ಓಡಾಡ್ಬಹುದು ಬಿಡಿ."

ಕೆಲಸದವರು ಬಂದ ದಾರಿ ಹಿಡಿದರು.

ಈಗ ಅವಳು ಪಕ್ಕದ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಮೊನ್ನೆ ಆ ಹೊಲದವನೂ ಸೋಲಾರ್‌ಗೆಂದು ಅಳತೆಯವರನ್ನು ಕರೆಸಿದ್ದ. ಅದನ್ನು ಕಂಡ ಸೊಪ್ಪಿನಕ್ಕನ ಗಂಡ ಬದು ಹಾರಿ ಓಡಿಬಂದ.

"ತಡೀರಿ, ತಡೀರಿ! ನಿಮ್ಮ ಮನೆಯವ್ರು ಬರ್ಲಿ. ಅವರ ಕೈಲಿ ಗುದ್ದಲಿ ಎತ್ತಿಸಿ, ಅದಕ್ಕಿಂತ ಮೇಲೆ ಗುರುತು ಹಾಕಿ. ಸಾಲು ದೂರ ದೂರ ಇರ್ಲಿ. ನೀರು ಸುರಿಯೋ ಕಡೆ ಕಾಲುವೆ ಬೇಕು."

ತಂಗಿ ಹೇಳಿದ್ದನ್ನೇ ಚಾಚೂ ತಪ್ಪದೆ ಹೇಳುತ್ತಿದ್ದ. ಕಳೆ ಕೀಳುತ್ತಿದ್ದ ಸೊಪ್ಪಿನಕ್ಕ ಎದ್ದು ನೆಟ್ಟಗೆ ನಿಂತಳು. ಪರರ ಹೊಲದಲ್ಲಿ ಅವಳಿಗೆ ನೆಟ್ಟಗೆ ನಿಲ್ಲಲು ಜಾಗವಿತ್ತು.

"ಈ ಬುದ್ಧಿ ಅವತ್ತು ಎಲ್ಲಿ ಮೇಯೋಕೆ ಹೋಗಿತ್ತು?" ಎಂದು ಕೇಳಿದಳು.

ಅವಳು ಮತ್ತೆ ಬಗ್ಗಿ ಕೆಲಸಕ್ಕೆ ತೊಡಗಿದಳು.

ರೈತ ಬಂಧುಗಳೇ, ಹೊಲದಲ್ಲಿ ಸೋಲಾರ್ ಹಾಕಿಸಿ, ಬೇಡವೆನ್ನುವುದಿಲ್ಲ. ಬೆಳೆಯೂ ಕರೆಂಟೂ ಒಂದೇ ನೆಲದಲ್ಲಿ ಬರುತ್ತವೆ, ನಾದಿನಿಯ ಹೊಲದಲ್ಲಿ ಬರುತ್ತಲೇ ಇವೆ. ಆದರೆ ಕಂಬಕ್ಕೆ ಗುಂಡಿ ತೋಡುವ ಮೊದಲು, ಆ ನೆಲದಲ್ಲಿ ಬೆನ್ನು ಬಗ್ಗಿಸಿ ದುಡಿಯುವವರನ್ನು ಕರೆದು, ಅಲ್ಲೇ ನಿಲ್ಲಿಸಿ, ಕೇಳಿ. ಅವರು ಪೇಟೆಗೆ ಹೋಗಿದ್ದರೆ ಬರುವವರೆಗೆ ಕಾಯಿರಿ. ಕಾಂಕ್ರೀಟು ಗಟ್ಟಿಯಾದ ಮೇಲೆ ನೀವು ಎಷ್ಟು ಕ್ಷಮೆ ಕೇಳಿದರೂ ಕಂಬ ಒಂದು ಬೆರಳಿನಷ್ಟೂ ಮೇಲೇಳುವುದಿಲ್ಲ.