ಕುಡುಕನೆಂಬ ಹೆಸರು

ನಾಗರಾಜನ್ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಬಾಯಿಗೆ ಹಾಕಿದವನಲ್ಲ. ಆದರೂ ಸೇಲಂನ ಅಮ್ಮಾಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ನೇಕಾರ ನಾಗರಾಜನ್ ಅಂದರೆ ಹಾಡಹಗಲೇ ತೂರಾಡುವ ಕುಡುಕ ಎಂದೇ ಹೇಳುತ್ತಾರೆ. ಊರು ಹಾಗೆ ಹೆಸರಿಟ್ಟಿತು, ಸರಿ. ಆದರೆ ಆ ಹೆಸರು ಮಾಸದಂತೆ ಜೋಪಾನ ಮಾಡಿಕೊಂಡು ಬಂದವಳು ಅವನ ಹೆಂಡತಿ ಕಣ್ಣಮ್ಮ.

ಅವನಿಗಿದ್ದದ್ದು ಕಿರುಮೆದುಳು ಸೊರಗುವ ಕಾಯಿಲೆ. ನಲವತ್ತು ದಾಟುತ್ತಿದ್ದಂತೆ ಕಾಲು ಅಗಲವಾಯಿತು, ನಾಲಿಗೆ ದಪ್ಪವಾಯಿತು, ಕೈಯ ಲಾಳಿ ಹೇಳಿದ ಕಡೆ ಹೋಗದಾಯಿತು. ಅವನ ಅಪ್ಪನಿಗೂ ಹೀಗೇ ಆಗಿತ್ತು. ಇದು ವಂಶದ್ದು, ಮಕ್ಕಳಿಗೆ ಬರುವುದು ಬಿಡುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ ದಿನವೇ ಕಣ್ಣಮ್ಮ ತೀರ್ಮಾನಿಸಿಬಿಟ್ಟಳು. ಕುಡುಕನ ಮಗನಿಗೆ ಹೆಣ್ಣು ಕೊಡುವವರು ಸಿಗುತ್ತಾರೆ, ವಂಶದಲ್ಲೇ ಕಾಯಿಲೆ ಇರುವವನ ಮಗನಿಗೆ ಯಾರೂ ಕೊಡುವುದಿಲ್ಲ. ಅಂದಿನಿಂದ ಮನೆಗೆ ನೆಂಟರು ಬರುತ್ತಾರೆಂದರೆ ಗಂಡನ ಟವೆಲಿಗೆ ಒಂದಿಷ್ಟು ಬ್ರಾಂದಿ ಚಿಮುಕಿಸುವಳು. ಆ ನಾತಕ್ಕೆ ಅವನಿಗೆ ವಾಕರಿಕೆ ಬರುತ್ತಿತ್ತು. ಮಕ್ಕಳ ಮುಖ ನೋಡಿಕೊಂಡು ಸಹಿಸುತ್ತಿದ್ದ.

ಇದರಲ್ಲಿ ನಗುವುದಕ್ಕೂ ಆಗದೆ ಅಳುವುದಕ್ಕೂ ಆಗದೆ ಸಿಕ್ಕಿಬಿದ್ದವಳು ಮಗಳು ಶ್ರೀವಿದ್ಯಾ. ಅವಳು ಬೆಂಗಳೂರಿನ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದುದು ಇದೇ ಕಾಯಿಲೆಯ ಮೇಲೆ. ಒಂದು ಜೀನಿನಲ್ಲಿ ಮೂರಕ್ಷರದ ಒಂದು ತುಂಡು ಬೇಕಾದ್ದಕ್ಕಿಂತ ಹೆಚ್ಚು ಸಲ ಬರೆದುಕೊಂಡುಬಿಟ್ಟಿರುತ್ತದೆ. ಆ ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯುವುದು ಅವಳ ಕೆಲಸ. ಅಪ್ಪನ ರಕ್ತದಿಂದ ಬೆಳೆಸಿದ ನರಕೋಶಗಳಲ್ಲಿ ಅದು ಆಯಿತು ಕೂಡ. ಲ್ಯಾಬಿನ ತಟ್ಟೆಯಲ್ಲಿ ಅಪ್ಪ ಗುಣವಾಗಿದ್ದ. ತಟ್ಟೆಯಿಂದ ಬದುಕಿರುವ ಮನುಷ್ಯನ ತಲೆಯೊಳಕ್ಕೆ ಹೋಗುವ ದಾರಿ ಮಾತ್ರ ಯಾರಿಗೂ ಇನ್ನೂ ಸರಿಯಾಗಿ ಸಿಕ್ಕಿರಲಿಲ್ಲ.

ಸೆಮಿನಾರಿನ ಪರದೆಯ ಮೇಲೆ ಅಪ್ಪ ಬರೀ 'ಮೊದಲನೇ ರೋಗಿ'. ಅವನನ್ನು ತೋರಿಸಿ ಅವಳು ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಆದರೆ ಜರ್ನಲ್‌ಗೆ ಕಳಿಸಿದ ಪ್ರಬಂಧ ಈ ವರ್ಷ ವಾಪಸು ಬಂದಿತ್ತು. ಒಂದೇ ಕುಟುಂಬ ಸಾಲದು, ಇನ್ನೊಂದು ಕುಟುಂಬದಲ್ಲೂ ಮಾಡಿ ತೋರಿಸಿ ಎಂದಿದ್ದರು. ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಎಲ್ಲಾದರೂ ಸಿಕ್ಕಿತಾ ಎಂದು ಗೈಡ್ ವಾರವಾರವೂ ಕೇಳುತ್ತಿದ್ದರು.

ಅಷ್ಟರಲ್ಲಿ ತಮ್ಮ ಶರವಣಕುಮಾರನಿಗೆ ಹರೂರಿನ ಹೆಣ್ಣು ಗೊತ್ತಾಯಿತು. ಹುಡುಗಿಯ ಹೆಸರು ಕಾರ್ತಿಕಾ, ಎಂಎಸ್ಸಿ ಬಯೋಟೆಕ್. ಹೆಣ್ಣು ನೋಡಲು ಹೋದ ದಿನ ಅವಳು ಗಂಡಿಗಿಂತ ಹೆಚ್ಚು ಹೊತ್ತು ಮಾತಾಡಿದ್ದು ಶ್ರೀವಿದ್ಯಾಳ ಜೊತೆ. ಅಕ್ಕಾ, ನಿಮ್ಮ ಲ್ಯಾಬಲ್ಲಿ ಪ್ರಾಜೆಕ್ಟ್ ಸಿಗುತ್ತಾ ಎಂದು ಆಮೇಲೂ ಫೋನಿನಲ್ಲಿ ಕೇಳುತ್ತಲೇ ಇದ್ದಳು. ಎಲ್ಲ ತಿಳಿದ ತಾನೇ ಬಾಯಿ ಮುಚ್ಚಿಕೊಂಡು ಈ ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ ಎಂಬುದು ಶ್ರೀವಿದ್ಯಾಳ ಸಂಕಟ. ಟೆಸ್ಟ್ ಮಾಡಿಸಿಕೊಳ್ಳೋ ಎಂದು ತಮ್ಮನನ್ನು ಬೇಡಿದ್ದಳು, ಮದುವೆ ಆದಮೇಲೆ ನೋಡೋಣ ಎಂದಿದ್ದ. ಅಮ್ಮ ಅಂತೂ, ತಮ್ಮನ ಬಾಳು ಹಾಳುಮಾಡಿದರೆ ನನ್ನ ಹೆಣ ನೋಡುತ್ತೀಯ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಭಾನುವಾರ ಕಾರ್ತಿಕಾಳ ಅಪ್ಪ ಸಿದ್ದಪ್ಪ ಮನೆ ನೋಡಲು ಬಂದ. ನಾಲ್ಕು ಜನರನ್ನು ಕಟ್ಟಿಕೊಂಡು ಬರುವುದು ವಾಡಿಕೆ. ಇವನು ಹರೂರಿನಿಂದ ಬಸ್ಸು ಹತ್ತಿ ಒಬ್ಬನೇ ಬಂದಿದ್ದ. ಮದುಮಕ್ಕಳಿಗೆಂದು ಕಟ್ಟಿಸುತ್ತಿದ್ದ ಮಹಡಿಯನ್ನು ತೋರಿಸು ಎಂದು ಕಣ್ಣಮ್ಮ ಮಗಳನ್ನು ಕಳಿಸಿದಳು. ಮೇಲೆ ಹೋದಮೇಲೆ ಸಿದ್ದಪ್ಪ ಗೋಡೆಯನ್ನೂ ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ.

"ನಿಮ್ಮಪ್ಪ ಕುಡೀತಾರೆ ಅಂತ ಗೊತ್ತು ಮಗಾ. ಅದ್ಕೆ ನಾ ಬ್ಯಾಡ ಅನ್ನಲ್ಲ. ಉಡ್ಗ ಕುಡೀತಾನಾ? ಅದೊಂದು ಯೋಳು. ನೀ ಓದಿದೋಳು, ಸುಳ್ಳು ಯೋಳಲ್ಲ."

ಸದ್ಯ, ಬದುಕಿದೆ ಎನ್ನಿಸಿತು ಶ್ರೀವಿದ್ಯಾಗೆ. ಸುಳ್ಳು ಹೇಳುವ ಅಗತ್ಯವೇ ಇಲ್ಲ. ಅವನು ಮುಟ್ಟುವುದಿಲ್ಲ ಮಾಮಾ ಎಂದಳು. ಅದು ಸತ್ಯವೇ. ಸಿದ್ದಪ್ಪನ ಮುಖ ಅರಳಿತು, ಅಷ್ಟು ಸಾಕು ಎಂದು ಮೆಟ್ಟಿಲ ಕಡೆ ತಿರುಗಿದ. ಅವನು ಇಳಿದುಬಿಟ್ಟರೆ ಮಾತು ಮುಗಿಯಿತು, ಮದುವೆ ಆಯಿತು. ಆದರೆ ಅವನ ಬೆನ್ನು ನೋಡುತ್ತಿದ್ದಂತೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಮಾಮಾ, ನಿಲ್ರಿ. ಅಪ್ಪಾನೂ ಕುಡಿಯಲ್ಲ. ಅದು ಕಾಯ್ಲೆ. ತಾತನಿಗೂ ಇತ್ತು. ತಮ್ಮನಿಗೂ ಬರಬೌದು, ನನಗೂ ಬರಬೌದು. ಉಟ್ಟೋ ಮಕ್ಕಳಿಗೂ."

ಬೈಯುತ್ತಾನೆ, ಮೋಸಗಾರರು ಎಂದು ಬೀದಿಯಲ್ಲಿ ನಿಂತು ಕೂಗುತ್ತಾನೆ ಎಂದು ಅವಳು ಗಟ್ಟಿಮನಸ್ಸು ಮಾಡಿಕೊಂಡು ನಿಂತಿದ್ದಳು. ಸಿದ್ದಪ್ಪ ಕೂಗಲಿಲ್ಲ. ಸಿಮೆಂಟ್ ಮೂಟೆಯ ಮೇಲೆ ಮೆಲ್ಲಗೆ ಕೂತ. ಕೇಳಿದ್ದು ಮಗಳ ಮದುವೆಯ ಮಾತನ್ನೂ ಅಲ್ಲ. ನಿಮ್ಮಪ್ಪ ಕಾಲು ಅಗಲ ಇಟ್ಟು ನಡೆಯುತ್ತಾರಾ, ಮಾತು ಎಳೆಯುತ್ತಾರಾ, ತುತ್ತು ಎತ್ತಿದರೆ ಕೈ ಓಲಾಡುತ್ತಾ ಎಂದು ಒಂದೊಂದಾಗಿ ಕೇಳಿದ. ಎಲ್ಲಕ್ಕೂ ಅವಳು ಹೌದು ಎಂದಳು.

"ನಾತ ಟವೆಲಲ್ಲಿ ಐತೆ, ಬಾಯಲ್ಲಿ ಇಲ್ಲ. ಕೆಳಗೆ ಮಾತಾಡ್ಸಿದಾಗ್ಲೇ ನೋಡ್ದೆ. ನಮ್ಮಪ್ಪನ ಬಾಯಲ್ಲೂ ಇರ್ತಿರಲಿಲ್ಲ. ವೀಳ್ಯದೆಲೆ ಆಕ್ಕಂಡು ಮುಚ್ತಾನೆ ಅನ್ಕಂಡಿದ್ದೆ."

ಅವನ ಅಪ್ಪನೂ ಹರೂರಿನಲ್ಲಿ ಮಗ್ಗ ಇಟ್ಟುಕೊಂಡಿದ್ದವನು. ತೂರಾಡುತ್ತಿದ್ದ, ಬೀಳುತ್ತಿದ್ದ, ನೂಲು ಸಿಕ್ಕುಗಟ್ಟಿಸುತ್ತಿದ್ದ. ಮನೆಯವರೆಲ್ಲ ಸೇರಿ ಬೈದು ನೋಡಿದರು, ಅನ್ನ ನಿಲ್ಲಿಸಿ ನೋಡಿದರು, ಕೊನೆಗೆ ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು. ಅವನು ಪರರ ಜಗಲಿಯ ಮೇಲೆ ಮಲಗಿಕೊಂಡೇ ಪ್ರಾಣ ಬಿಟ್ಟ. ಇಷ್ಟನ್ನೂ ಸಿದ್ದಪ್ಪ ಬೇರೆ ಯಾರದೋ ಮನೆಯ ಕಥೆಯೆಂಬ ಹಾಗೆ ಹೇಳಿದ.

"ಕುಡೀಲಿಲ್ಲ ಕಣ್ಲಾ ಅಂತ ನನ್ನ ಕಾಲು ಇಡ್ಕಂಡ. ನಾ ಒದ್ದುಬುಟ್ಟೆ."

ಆ ಕ್ಷಣ ಶ್ರೀವಿದ್ಯಾಳ ತಲೆಯಲ್ಲಿ ಮೊದಲು ಬಂದದ್ದು ಮರುಕವಲ್ಲ. ಎರಡನೇ ಕುಟುಂಬ ಸಿಕ್ಕಿತು ಎಂಬುದು ಬಂತು. ಈ ಮನುಷ್ಯನ ರಕ್ತ, ಕಾರ್ತಿಕಾಳ ರಕ್ತ, ಗೈಡಿನ ಸಂತೋಷದ ಮುಖ, ಹೆಸರಿನ ಹಿಂದೆ ಡಾಕ್ಟರ್ ಪಟ್ಟ, ಎಲ್ಲವೂ ಸಾಲಾಗಿ ಬಂದುಹೋದವು. ಇಷ್ಟು ವರ್ಷ ಓದಿ ತಾನು ಆದದ್ದು ಇದೇನಾ ಎಂದು ಅವಳಿಗೆ ನಾಚಿಕೆಯಾಯಿತು.

ಮದ್ದು ಐತಾ ಎಂದು ಸಿದ್ದಪ್ಪ ಕೇಳಿದ. ಇನ್ನೂ ಇಲ್ಲ ಎಂದಳು. ನನಗೂ ಇರಬೌದಾ, ನಮ್ಮ ಕಾರ್ತಿಕಾಗೂ ಇರಬೌದಾ ಎಂದ. ಇರಬಹುದು, ರಕ್ತ ನೋಡಿದರೆ ತಿಳಿಯುತ್ತದೆ, ಎರಡೂ ಕಡೆ ಇದ್ದರೆ ಹುಟ್ಟುವ ಕೂಸಿಗೆ ಇನ್ನೂ ಅಪಾಯ ಎಂದಳು. ನನಗೆ ರಕ್ತ ಕೊಡಿ ಎಂದು ಮಾತ್ರ ಬಾಯಿಗೆ ಬರಲಿಲ್ಲ. ಅವನು ತನ್ನ ಪಾದಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡು, ಗೋಡೆ ಹಿಡಿದು ಎದ್ದು, ಕೆಳಗೆ ಇಳಿದ.

ಕೆಳಗೆ ನಾಗರಾಜನ್ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೇಲೆ ಏನಾಯಿತೆಂಬುದು ಅವನಿಗೆ ಗೊತ್ತಿಲ್ಲ. ಸಿದ್ದಪ್ಪ ಹೋಗಿ ಅವನ ಎದುರಿಗೆ, ನೆಲದ ಮೇಲೆ ಕೂತ.

"ಸಂಬಂದೀ, ನಿಮ್ಮ ಬಾಯಿಂದ ಒಂದು ಮಾತು ಕೇಳ್ಬೇಕು. ನೀವು ಕುಡೀತೀರಾ?"

ಶ್ರೀವಿದ್ಯಾ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಇಲ್ಲ ಅನ್ನಪ್ಪಾ, ಈಗಲಾದರೂ ಇಲ್ಲ ಅನ್ನು ಎಂದು ಅವಳ ಮನಸ್ಸು ಬೇಡುತ್ತಿತ್ತು. ನಾಗರಾಜನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ, ಹೊಸ ಅಂಗಿ ತೊಟ್ಟು ಕಿಟಕಿಯ ಹತ್ತಿರ ನಿಂತಿದ್ದ ಮಗನನ್ನು ನೋಡಿದ. ಅಪರಾಧಿಯಂತೆ ತಲೆ ತಗ್ಗಿಸಿ, ದಪ್ಪ ನಾಲಿಗೆಯಲ್ಲಿ ಒಂದೊಂದೇ ಮಾತನ್ನು ಹೊರಳಿಸಿ ಹೇಳಿದ.

"ಕುಡೀತೀನಿ. ನಂದೇ ತಪ್ಪು. ಮದ್ವೆ ಒಂದು ಆಗ್ಲಿ... ಆಮ್ಯಾಕೆ ಮುಟ್ಟಲ್ಲ. ಕುಲದೇವ್ರು ಸೌಡಮ್ಮನ ಆಣೆ."

ಸಿದ್ದಪ್ಪ ತನ್ನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ದೊಡ್ಡ ಗಂಡಸು, ಹೆಗಲು ಕುಣಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾಗರಾಜನಿಗೆ ಏನೂ ಅರ್ಥವಾಗಲಿಲ್ಲ. ತನ್ನ ಓಲಾಡುವ ಕೈಯನ್ನು ಚಾಚಿ, ಒಂದು ಸಲ ಗುರಿ ತಪ್ಪಿ, ಮತ್ತೆ ಚಾಚಿ, ಅವನ ಭುಜದ ಮೇಲೆ ಇಟ್ಟ.

"ಅಳಬ್ಯಾಡಿ ಸಂಬಂದೀ. ಬುಟ್ಬುಡ್ತೀನಿ ಅಂದ್ನಲ್ಲಾ."