ಓರೆ ಜೇಬು

"ಯಾವ ಕುರುಡು ಮುಂಡೆ ಹೊಲಿದ್ಲೇ ಈ ಜೇಬನ್ನ? ನೆಟ್ಟಗೆ ಮಾಡ್ಕೊಡು. ನಾಳೆ ಸಭೇಲಿ ಎಲ್ರೂ ನನ್ನೇ ನೋಡ್ತಾರೆ."

ಗಟ್ಟಿಗಂಟಲು ಎಂದೇ ಹೆಸರಾದವನು ಅಂಗಿ ಬಿಚ್ಚಿ ಹೊಲಿಗೆಯವಳ ಯಂತ್ರದ ಮೇಲೆ ಎಸೆದ. ಅವನ ದನಿಗೆ ಗೋದಾಮಿನ ತಗಡಿನ ಮಾಡು ಗೇಣುದ್ದ ಹಾರಿ ಮತ್ತೆ ಕೂತಿತೆಂದರೆ ನೀವು ನಂಬಲೇಬೇಕು.

ಅವಳು ಅಂಗಿ ಬಿಡಿಸಿದಳು. ಎಡ ಜೇಬು ಬಲದ್ದಕ್ಕಿಂತ ಒಂದು ಬೆರಳು ಮೇಲಿತ್ತು. ಮೂಟೆ ಹೊತ್ತು ಹಮಾಲಿಗಳ ಎಡಹೆಗಲು ಜಾರಿರುತ್ತದೆ. ತೊಟ್ಟಾಗ ನೆಟ್ಟಗೆ ಕಾಣಲೆಂದು ಅವಳು ಅವರಿಗೆಲ್ಲ ಜೇಬು ಓರೆಯಾಗಿಯೇ ಇಡುತ್ತಿದ್ದಳು. ಆದರೆ ಒಳಗೆ ತನ್ನ ಹಸಿರು ಲಂಗದ ಚೂರಿನಿಂದ ಕಳ್ಳಜೇಬು ಹೊಲಿದಿದ್ದು ಒಬ್ಬನಿಗೇ. ಭೂಮಿಯನ್ನೇ ಮೂಟೆ ಕಟ್ಟಿ ಕೊಟ್ಟಿದ್ದರೂ ಹೊರುತ್ತಿದ್ದ ತನ್ನ ಗಂಡನಿಗೆ. ಆ ಹಸಿರು ಇಲ್ಲಿತ್ತು. ಬೆನ್ನಲ್ಲಿ ಬಟಾಣಿಯಷ್ಟು ತೂತು. ಯಾರೋ ಕಪ್ಪು ದಾರದಲ್ಲಿ ಗೋಣಿ ಹೊಲಿದಂತೆ ಮುಚ್ಚಿದ್ದರು.

ಅವಳಿಗೆ ಅಳು ಬರಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಟ್ಟಳು.

ಪಕ್ಷ ಹುಟ್ಟಿದ್ದು ಇದೇ ಗೋದಾಮಿನಲ್ಲಿ, ಒಂದು ಹರಕು ಗೋಣಿಯ ಮೇಲೆ. ಕೂಲಿ ಕೇಳಿದವನ ಬಾಯಿಗೆ ಧಣಿ ಹೊಟ್ಟು ತುರುಕಿಸಿದ ದಿನ ಆ ಗೋಣಿ ಹಿಗ್ಗಿ ಹಿಗ್ಗಿ ಅರ್ಧ ದೇಶವೇ ಅದರ ಮೇಲೆ ಕೂತಿತು. ಆಮೇಲೆ ಬಂದೂಕು ಮೊದಲು ಹಳ್ಳಿಗೆ ಹೋಗಬೇಕೋ ಪೇಟೆಗೋ ಎಂದು ಜಗಳವಾಗಿ, ಭೂಗತ ಪಕ್ಷ ಎರಡಾಯಿತು. ಎರಡರ ಗೋಡೆಗೂ ಅದೇ ಮಾವೋನ ಪಟ. ಈಗ ಎರಡೂ ಒಂದಾಗುತ್ತಿದ್ದವು. ಗಟ್ಟಿಗಂಟಲು ಅತ್ತ ಕಡೆಯ ಮುಖಂಡ. ಇತ್ತ ಕಡೆ ಮೇಷ್ಟ್ರು.

ಅವಳು ಅಂಗಿಯನ್ನು ಮೇಷ್ಟ್ರ ಮುಂದೆ ಹಿಡಿದಳು.

"ನನ್ನ ಗಂಡನ್ನ ಪೊಲೀಸ್ರು ಗುಂಡಿಟ್ಟು ಕೊಂದ್ರು ಅಂದಿದ್ರಲ್ಲ ಮೇಷ್ಟ್ರೇ?"

ಮೇಷ್ಟ್ರು ಗಾಜು ಸವೆದು ಹಾಳೆಯಾಗುವಷ್ಟು ಕನ್ನಡಕ ಒರೆಸಿದರು.

"ಆಗ ಅವ್ರು ಬೇರೆ, ನಾವು ಬೇರೆ ಇದ್ವಿ ತಂಗಿ. ಈಗ ಕೆದಕಬೇಡ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೂಂ. ಊಟ ಆಯ್ತಾ?"

ವಾಪಸ್ಸು ಬಂದು ಕಪ್ಪು ದಾರ ಬಿಚ್ಚಿದಳು. ಬಾವುಟ ಕತ್ತರಿಸಿ ಉಳಿದ ಕೆಂಪು ಚೂರನ್ನು ತೂತಿನ ಮೇಲೆ, ಹೊರಮೈಗೇ ಇಟ್ಟು ಹೊಲಿದಳು. ಜೇಬನ್ನು ಮುಟ್ಟಲಿಲ್ಲ.

ಮರುದಿನ ಸಭೆಗೆ ಮೊದಲು ಗಟ್ಟಿಗಂಟಲು ಓಡುತ್ತಲೇ ಅಂಗಿ ತೊಟ್ಟ.

"ಜೇಬು ಇನ್ನೂ ಸೊಟ್ಟಗೇ ಇದೆಯಲ್ಲೇ, ದರಿದ್ರದವಳೇ."

"ನಿಮ್ಮ ಹೆಗಲು ನೆಟ್ಟಗಿದೆ, ಅದಕ್ಕೆ."

ಅಷ್ಟರಲ್ಲಿ ಅವನನ್ನು ಕರೆದರು. ಇರುವೆ ನುಗ್ಗಲೂ ಜಾಗವಿಲ್ಲದ ಗೋದಾಮಿನಲ್ಲಿ ಚಪ್ಪಾಳೆಯ ನಡುವೆ ಇಬ್ಬರು ಮುಖಂಡರು ಅಪ್ಪಿಕೊಂಡರು. ಮೇಷ್ಟ್ರ ಅಂಗೈ ನೇರ ಆ ಕೆಂಪು ಚೂರಿನ ಮೇಲೆ ಬಿತ್ತು. ಬೆರಳು ಅದರ ಅಂಚು ತಡವಿ, ಅಲ್ಲೇ ನಿಂತಿತು.

ಮುಂದೆ ಕೂತಿದ್ದ ಮುದಿ ಹಮಾಲಿ ಆ ಬೆನ್ನು ನೋಡಿದ. ಅಪ್ಪುಗೆ ಬಿಡಿಸಿಕೊಂಡು ಗಟ್ಟಿಗಂಟಲು ಈ ಕಡೆ ತಿರುಗಿದಾಗ ಜೇಬು ನೋಡಿದ. ತನ್ನ ಎದೆಯ ಓರೆ ಜೇಬನ್ನೊಮ್ಮೆ ಮುಟ್ಟಿಕೊಂಡ.

"ಈ ನನ್ಮಗ ಯಾವತ್ತು ಮೂಟೆ ಹೊತ್ತಿದ್ದ? ಯಾರದವ್ವಾ ಆ ಅಂಗಿ?"

"ನನ್ನ ಗಂಡಂದು," ಎಂದಳು ಹೊಲಿಗೆಯವಳು.

ತಗಡು ಹಾರಲಿಲ್ಲ. ಚಪ್ಪಾಳೆ ನಿಂತಿತು, ಅಷ್ಟೇ.